ಪೈಲ್ವಾನನ ಊರಿಗೆ ಅರಸೀಕೆರೆ ಕೊಬ್ಬರಿ

ಅರಸೀಕೆರೆ: ಮಂಡಿಯ ಗೋಡೆ

ಅಮೆರಿಕಕ್ಕೆ ಹೋಗಿ ಬಂದಿರಂತೆ, ಏನೇನು ನೋಡಿದಿರಿ ಎಂದು ಮಂಡಿಗೆ ಬಂದವರೆಲ್ಲ ಕೇಳುತ್ತಾರೆ. ಜಲಪಾತ ನೋಡಲಿಲ್ಲ, ಮುಗಿಲು ಮುಟ್ಟುವ ಕಟ್ಟಡ ನೋಡಲಿಲ್ಲ, ಸಮುದ್ರವನ್ನೂ ವಿಮಾನದ ಕಿಟಕಿಯಿಂದ ನೋಡಿದ್ದಷ್ಟೇ. ಒಂದು ಸಮಾಧಿ ನೋಡಿದೆ, ಒಂದು ತಕ್ಕಡಿ ನೋಡಿದೆ, ನನ್ನ ಮಗಳನ್ನು ನೋಡಿದೆ ಎಂದರೆ ಮುಖ ಮುಖ ನೋಡಿಕೊಂಡು ಟೀ ಕುಡಿದು ಎದ್ದು ಹೋಗುತ್ತಾರೆ. ಟೀ ಆರುವುದರೊಳಗೆ ಹೇಳಿ ಮುಗಿಸುವ ಕಥೆಯಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ, ಅಜ್ಜನ ಕಾಲದ್ದು. ನಾನು ಕೂರುವ ಗಾದಿಯ ಹಿಂದಿನ ಗೋಡೆಯ ಮೇಲೆ ಬಸವಣ್ಣನವರ ಪಟವಿದೆ, ಮಠದ ಹಿರಿಯ ಸ್ವಾಮಿಗಳ ಪಟವಿದೆ, ನಮ್ಮಪ್ಪನ ಫೋಟೋ ಇದೆ. ಅವರ ಪಕ್ಕದಲ್ಲಿ ಒಬ್ಬ ಕಪ್ಪು ಮನುಷ್ಯ. ಬರಿಮೈ, ಕೈಗೆ ದಪ್ಪ ಗವಸು. ಒಂದು ಮೊಣಕಾಲನ್ನು ನೆಲಕ್ಕೂರಿ, ತಲೆ ಎತ್ತಿ ನೋಡುತ್ತಿದ್ದಾನೆ. ಇನ್ನೇನು ಎದ್ದೇಳುವ ಗಳಿಗೆ. ಅವನು ಜಗತ್ತಿನ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್. ಅವನ ಹೆಸರು ಲೋಕಕ್ಕೆಲ್ಲ ಗೊತ್ತಿತ್ತು. ನಮ್ಮ ಮಂಡಿಯಲ್ಲಿ ಮಾತ್ರ ಅವನು ಬರೀ ಪೈಲ್ವಾನ್.

ನಾನು ಹುಟ್ಟುವ ಮೊದಲು ಒಮ್ಮೆ ಮಂಡಿಗೆ ಬೆಂಕಿ ಬಿದ್ದಿತ್ತಂತೆ. ಕೊಬ್ಬರಿ ಎಂದರೆ ಎಣ್ಣೆಯೇ ತಾನೆ, ಆರಿಸಲು ಬಂದವರೂ ದೂರ ನಿಂತು ನೋಡಿದರಂತೆ. ಎಲ್ಲ ಬೂದಿಯಾದ ಮೇಲೆ, ಮಸಿ ಹಿಡಿದ ಗೋಡೆಗೆ ಅಪ್ಪ ಮೊದಲು ಹೊಡೆದ ಮೊಳೆ ಈ ಪಟದ್ದು. ರದ್ದಿಯಲ್ಲಿ ಬಂದ ಇಂಗ್ಲಿಷ್ ಪತ್ರಿಕೆಯ ಹಾಳೆ ಅದು. ಚಿತ್ರದ ಕೆಳಗಿನ ಬರಹ ಇರಲಿಲ್ಲ. ಹಾಗಾಗಿ ಕಥೆಯನ್ನು ನಾನೇ ಕಟ್ಟಿಕೊಂಡೆ: ಪೈಲ್ವಾನ್ ಎದ್ದ, ಎದ್ದವನೇ ಒಂದೇ ಏಟಿಗೆ ಎದುರಿನವನನ್ನು ಮಲಗಿಸಿದ, ಗೆದ್ದ. ಮಗಳು ಶಾಂಭವಿಗೂ ಇದೇ ಕಥೆ ಹೇಳಿ ಅನ್ನ ಉಣ್ಣಿಸಿದ್ದೇನೆ.

ಪೈಲ್ವಾನ್ ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂದ ದಿನ ನಮ್ಮವ್ವ ಮಂಡಿಯ ಬಾಗಿಲು ಹಾಕಿಸಿದಳು. ಗೆಂಡೆಹಳ್ಳಿಯಿಂದ ಕಾಯಿ ತುಂಬಿಕೊಂಡು ಬಂದ ಗಾಡಿ ಬಾಗಿಲಲ್ಲೇ ನಿಂತಿತ್ತು. ಗಾಡಿಯವನು ಟವಲ್ ಕೈಗೆ ತೆಗೆದುಕೊಂಡು, "ಯಾರವ್ವಾ ತೀರ್ಕಂಡಿದ್ದು?" ಎಂದು ಕೇಳಿದ.

"ನಮ್ಮೋನೇ ಕಣಪ್ಪ. ದೂರ್ದಲ್ಲಿದ್ದ," ಎಂದಳು ಅವ್ವ.

ಶಾಂಭವಿ ನಮ್ಮ ವಂಶದ ಮೈಕಟ್ಟಿನವಳು. ಮಂಡಿಯಲ್ಲಿ ತೆಂಗಿನ ನಾರು ತುಂಬಿದ ಗೋಣಿಚೀಲ ತೂಗುಹಾಕಿಕೊಂಡು ಅದಕ್ಕೆ ಗುದ್ದುತ್ತಲೇ ಬೆಳೆದಳು. ಬೇಲೂರಿನಲ್ಲಿರುವ ನನ್ನ ತಂಗಿ ಬಂದಾಗಲೆಲ್ಲ "ಸ್ವಲ್ಪ ಇಳಿಸೇ ಶಾಂಭವಿ" ಎನ್ನುತ್ತಾಳೆ. ದಿನಾ ಶಿಲಾಬಾಲಿಕೆಯರನ್ನು ನೋಡುವ ಊರಿನವಳು, ಸೊಂಟದ ವಿಷಯದಲ್ಲಿ ಅವಳ ಅಳತೆಯೇ ಬೇರೆ. ಹಳೇಬೀಡಿನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿರುವ ನಾಗರಾಜು ಒಮ್ಮೆ ನನ್ನ ತಂಗಿಗೆ ಸರಿಯಾಗಿ ಹೇಳಿದರು: "ನಮ್ಮೂರಿಗೆ ಬಂದು ಗುಡಿಯ ಕೆಳಗಿನ ಸಾಲು ನೋಡ್ರಮ್ಮ. ಇಡೀ ಗುಡಿ ಹೊತ್ತಿರೋದು ಆನೆಗಳು ಕಣ್ರೀ." ಶಾಂಭವಿಗೆ ಬಾಕ್ಸಿಂಗ್ ಕಲಿಸಿದವರು ಅವರೇ. ಜಾವಗಲ್ ಮೇಲೆ ಬಸ್ಸಿನಲ್ಲಿ ಹೋಗಿ, ಹಳೇಬೀಡಿನ ಕೆರೆ ಏರಿಯಿಂದ ಬಸ್ತಿಹಳ್ಳಿಯ ಬಸದಿಗಳವರೆಗೆ ಓಡಿ ಬರುವುದು ಅವಳ ವಾರವಾರದ ಪಾಠ.

ಪೈಲ್ವಾನ್ ಬಾಲ್ಯದಲ್ಲಿ ಬಾಕ್ಸಿಂಗ್ ಕಲಿತ, ಅಮೆರಿಕದ ಅವನ ಊರಿನ ಹಾಲ್‌ನಲ್ಲಿ ಅವನ ನೆನಪಿಗೆ ಹುಡುಗಿಯರ ಪಂದ್ಯ ಏರ್ಪಡಿಸಿದರು. ಬೇರೆ ಬೇರೆ ದೇಶದಿಂದ ಕರೆಸುವವರಲ್ಲಿ ನಮ್ಮ ಶಾಂಭವಿಯೂ ಒಬ್ಬಳು, ಹೆವಿವೇಟ್ ವರ್ಗದಲ್ಲಿ. ಮೇಷ್ಟ್ರು ಕಾಲು ಉಳುಕಿಸಿಕೊಂಡು ಕೂತರು. ಜೊತೆಗೆ ಹೊರಟವನು ನಾನು, ಬಾಕ್ಸಿಂಗ್ ಎಂದರೆ ಗೋಡೆಯ ಮೇಲಿನ ಪಟವಷ್ಟೇ ಗೊತ್ತಿದ್ದವನು.

ವಿಮಾನ ನಿಲ್ದಾಣ

ಪೈಲ್ವಾನನ ಸಮಾಧಿಗೆ ಇಡಲು ಅವ್ವ ಬಟ್ಟೆಚೀಲದಲ್ಲಿ ಕಾಯಿ ಕಟ್ಟಿಕೊಟ್ಟಿದ್ದಳು. ಒಡೆದು ಚಟ್ನಿ ಮಾಡುವ ಕಾಯಲ್ಲ. ವರ್ಷವಿಡೀ ಅಟ್ಟದ ಮೇಲೆ ಒಣಗಿ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳಾಡುವ ಕಾಯಿ. ನಮ್ಮಲ್ಲಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಲೊಡಲೊಡ ಎಂದರೆ ಕೊಬ್ಬರಿ ಪಕ್ವವಾಗಿದೆ ಎಂದರ್ಥ. ಅಮೆರಿಕದಲ್ಲಿ ಇಳಿದ ಕೂಡಲೇ ನಮ್ಮ ಚೀಲ ತೆರೆಸಿದ ಅಧಿಕಾರಿಯೂ ಅಲ್ಲಾಡಿಸಿದ. ಅವನಿಗೆ ಆ ಸದ್ದು ಬೇರೇನೋ ಅರ್ಥ ಕೊಟ್ಟಿತು. ಇನ್ನೊಬ್ಬನನ್ನು ಕರೆದ. ಅವನೂ ಅಲ್ಲಾಡಿಸಿ ಒಂದು ಹೆಜ್ಜೆ ಹಿಂದೆ ಸರಿದ.

"ಇದೇನು?"

"ತೆಂಗಿನಕಾಯಿ."

"ಅದು ಗೊತ್ತು. ಒಳಗೇನಿದೆ?"

"ಅದೇ ಇದೆ," ಎಂದೆ. ಇನ್ನೇನು ಹೇಳಲಿ? ಶಾಂಭವಿ ಹಿಂದೆ ನಿಂತು "ಅಪ್ಪಾ, ಪ್ಲೀಸ್, ಜೋಕ್ ಮಾಡಬೇಡ" ಎಂದು ಹಲ್ಲು ಕಚ್ಚಿದಳು. ಜೋಕಲ್ಲ ಎಂದು ಅವಳಿಗೂ ಗೊತ್ತಿತ್ತು. ಕೊನೆಗೆ ಒಡೆದು ತೋರಿಸಲು ಅಪ್ಪಣೆ ಕೇಳಿ, ಅವರ ಉಕ್ಕಿನ ಮೇಜಿನ ಅಂಚಿಗೆ ತಟ್ಟಿ, ತಿರುಗಿಸಿ, ಮತ್ತೆ ತಟ್ಟಿದೆ. ಚಿಪ್ಪು ಎರಡು ಹೋಳಾಗಿ ಬಿತ್ತು. ಅಂಗೈಯಲ್ಲಿ ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ಕೂತಿತ್ತು. ಮೊದಲನೆಯವನು ಅದನ್ನು ತಿರುಗಿಸಿ ತಿರುಗಿಸಿ ಬೆಸುಗೆ ಎಲ್ಲಿದೆ ಎಂದು ಹುಡುಕಿದ.

"ಇದನ್ನ ಒಳಗೆ ಹೇಗೆ ಹಾಕಿದಿರಿ?"

ನಾವು ಹಾಕುವುದಿಲ್ಲ, ಕಾಯುತ್ತೇವೆ ಅಷ್ಟೆ ಎಂದೆ. ನನ್ನ ಇಂಗ್ಲಿಷಿನಲ್ಲಿ ಅದು ಅವನಿಗೆ ಎಷ್ಟು ತಲುಪಿತೋ, ಚೀಲ ಮಾತ್ರ ವಾಪಸ್ ಕೊಟ್ಟ. ಅರಸೀಕೆರೆಯ ಅಟ್ಟಕ್ಕೆ ಅಮೆರಿಕದ ಬಾಗಿಲಲ್ಲೇ ಸಿಕ್ಕ ಮರ್ಯಾದೆಯಿಂದ ನಾನು ಉಬ್ಬಿಹೋದೆ.

ಪೈಲ್ವಾನನ ಊರು

ದೊಡ್ಡ ನದಿಯ ದಂಡೆಯ ಮೇಲಿನ ಊರು. ನಮ್ಮ ಯಗಚಿಯನ್ನು ಅದರ ಪಕ್ಕದಲ್ಲಿ ಹರಿಸಿದರೆ ಯಾರಿಗೂ ಕಾಣಿಸದು. ಆದರೆ ಬೀದಿಯಲ್ಲಿ ಜನವೇ ಇಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಸಿಗುವಷ್ಟು ಮಾತು ಅಲ್ಲಿ ಎರಡು ದಿನ ನಡೆದರೂ ಸಿಗಲಿಲ್ಲ. ಎದುರಾದವರು ಹಲೋ ಎನ್ನುತ್ತಾರೆ, ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಕೇಳಲು ನಿಲ್ಲುವುದಿಲ್ಲ. ಮೊದಲ ದಿನ ನಾನು ಒಬ್ಬನಿಗೆ ಮೊಣಕಾಲು ನೋವಿನ ವಿಷಯ ಹೇಳಲು ಶುರುಮಾಡಿದೆ. ಅವನು ಆಗಲೇ ತಿರುವು ದಾಟಿದ್ದ.

ನಿಂತು ಮಾತಾಡಿದವಳು ರೂಬಿ ಒಬ್ಬಳೇ. ಎಪ್ಪತ್ತು ದಾಟಿದ ಹೆಂಗಸು, ಪೈಲ್ವಾನನ ಮನೆಯ ಹಿಂದಿನ ಬೀದಿಯವಳು, ಈಗ ಆ ಬಾಕ್ಸಿಂಗ್ ಹಾಲ್ ನೋಡಿಕೊಳ್ಳುವವಳು. ನಮ್ಮ ಮೇಷ್ಟ್ರು ಬಂದಿಲ್ಲ ಎಂದು ತಿಳಿದು, ಪಂದ್ಯದ ದಿನ ಶಾಂಭವಿಯ ಮೂಲೆಯಲ್ಲಿ ನಾನೇ ನಿಲ್ಲುತ್ತೇನೆ ಎಂದಳು. ಅವಳ ಬಾಯಲ್ಲಿ ಪೈಲ್ವಾನ್ ಬೇರೆಯೇ ಮನುಷ್ಯ. ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊರುತ್ತಿದ್ದನಂತೆ. ಭಾನುವಾರ ಅಭ್ಯಾಸ ಮಾಡಿದರೆ ಅಮ್ಮ ಬೈಯುತ್ತಾಳೆಂದು ಚಾಂಪಿಯನ್ ಆದ ಮೇಲೂ ಮಾಡುತ್ತಿರಲಿಲ್ಲವಂತೆ. ನಾಯಿ ಕಂಡರೆ ಎದೆ ಒಡೆದುಕೊಳ್ಳುತ್ತಿದ್ದನಂತೆ.

"ನಾಯಿನಾ?" ಎಂದೆ.

"ಇಷ್ಟು ಚಿಕ್ಕದು," ಎಂದು ರೂಬಿ ಅಂಗೈ ತೋರಿಸಿದಳು. "ಕಂಡರೆ ನನ್ನ ಹಿಂದೆ ಬಂದು ನಿಲ್ಲೋನು."

ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಮುಂಜಾನೆ ನಡೆಯಬೇಕಾಗಿದ್ದರೆ ಈ ಚಾಂಪಿಯನ್ನಿನ ಗತಿ ಏನಾಗುತ್ತಿತ್ತೋ. ಅವತ್ತಿನಿಂದ ಅವನು ನನಗೆ ಇನ್ನಷ್ಟು ಹತ್ತಿರದವನಾದ.

ಹಾಲ್‌ನ ಗೋಡೆಗಳ ತುಂಬ ಅವನ ಫೋಟೋಗಳು. ಕೈ ಎತ್ತಿದವು, ಬೆಲ್ಟ್ ಹಿಡಿದವು, ನಗುವವು. ನಾನು ಒಂದೊಂದನ್ನೂ ನೋಡುತ್ತ ಸುತ್ತು ಬಂದೆ. ನಮ್ಮ ಫೋಟೋ ಇಲ್ಲ. ಫೋನಿನಲ್ಲಿ ಮಂಡಿಯ ಗೋಡೆಯನ್ನು ತೆಗೆದು ರೂಬಿಗೆ ತೋರಿಸಿ, "ಇದು ಯಾಕಿಲ್ಲ?" ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಗದರಿಕೆಯೂ ಇತ್ತು.

ರೂಬಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಬಸವಣ್ಣನವರು ಯಾರು, ಸ್ವಾಮಿಗಳು ಯಾರು, ನಿಮ್ಮಪ್ಪ ಯಾರು ಎಂದು ಕೇಳಿದಳು. ಆಮೇಲೆ ಮೆಲ್ಲಗೆ, "ಇದು ಅವನು ಸೋತ ಪಂದ್ಯ," ಎಂದಳು. "ಎದ್ದ. ಆದರೆ ಅಷ್ಟರಲ್ಲಿ ಹತ್ತು ಎಣಿಸಿ ಆಗಿತ್ತು. ಇದನ್ನ ನಾವು ಗೋಡೆಗೆ ಹಾಕಲ್ಲ."

ಇಷ್ಟು ವರ್ಷ ಊದುಬತ್ತಿ ಬೆಳಗಿದ್ದು ಸೋಲಿಗಾ? ಶಾಂಭವಿ ಆಚೆ ರಿಂಗಿನೊಳಗೆ ಕುಣಿಯುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಕೇಳಿಸದಿದ್ದುದೇ ಒಳ್ಳೆಯದಾಯಿತು ಎಂದುಕೊಂಡೆ. ಅವ್ವನಿಗಂತೂ ಹೇಳುವುದೇ ಬೇಡ ಎಂದು ತೀರ್ಮಾನಿಸಿದೆ.

ಸಮಾಧಿ

ಭಾನುವಾರ ಮಧ್ಯಾಹ್ನ ರೂಬಿ ನಮ್ಮನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಹುಲ್ಲು ಕತ್ತರಿಸಿದ, ಮರಗಳ ನೆರಳಿನ ಜಾಗ. ಪೈಲ್ವಾನನ ಕಲ್ಲು ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಜನ ಹೂ ಇಟ್ಟಿದ್ದರು, ಹಳೆಯ ಗವಸುಗಳನ್ನು ಇಟ್ಟಿದ್ದರು. ನಾನು ಚಪ್ಪಲಿ ದೂರದಲ್ಲಿ ಬಿಟ್ಟು, ಕಾಯಿಗಳ ಚಿಪ್ಪು ಒಡೆದು, ಉಂಡೆ ಕೊಬ್ಬರಿಗಳನ್ನು ಕಲ್ಲಿನ ಮೇಲಿಟ್ಟೆ. ಶಾಂಭವಿ ಕಲ್ಲಿಗೆ ವಿಭೂತಿ ಹಚ್ಚಿ, ಹಣೆ ಮುಟ್ಟಿಸಿ ನಮಸ್ಕರಿಸಿದಳು. ನಾವೂ ಹೂಳುವವರೇ, ಆದರೆ ಕೂರಿಸಿ ಹೂಳುತ್ತೇವೆ ಎಂದು ರೂಬಿಗೆ ಹೇಳಿದೆ.

"ಅವನಿಗೆ ಅದೇ ಇಷ್ಟ ಆಗಿರೋದು," ಎಂದಳು ರೂಬಿ. "ಮಲಗೋದು ಅಂದರೆ ಅವನಿಗೆ ಆಗ್ತಿರಲಿಲ್ಲ."

ನಗುತ್ತ ಹೇಳಿದವಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಸೋತರೇನು, ಮನೆಯವನೇ ಅಲ್ಲವೇ ಎನಿಸಿತು.

ಅಷ್ಟರಲ್ಲಿ ಕಾವಲುಗಾರ ಬಂದ. ತುಂಬ ಮರ್ಯಾದೆಯಿಂದಲೇ ಹೇಳಿದ: ಹೂವಾದರೆ ಸರಿ, ತಿನ್ನುವ ವಸ್ತು ಬಿಟ್ಟು ಹೋಗುವಂತಿಲ್ಲ, ಅಳಿಲು ಜಿಂಕೆ ಎಲ್ಲ ಬಂದು ರಂಪ ಮಾಡುತ್ತವೆ. ನಾವು ಕೈ ಮುಗಿದು ಮುಗಿಸುವವರೆಗೆ ಕಾದ. ಆಮೇಲೆ ನಾನು ಕೊಬ್ಬರಿಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡೆ. ಅಷ್ಟು ದೂರದಿಂದ ತಂದದ್ದು ವಾಪಸ್ಸಾಯಿತಲ್ಲ ಎಂದು ಮನಸ್ಸು ಚಿಕ್ಕದಾಯಿತು.

ಸೋಮವಾರ

ಅದು ಕಾರ್ತಿಕ ಮಾಸ. ನಮ್ಮ ಮನೆಯಲ್ಲಿ ಕಾರ್ತಿಕ ಸೋಮವಾರವೆಂದರೆ ಸಂಜೆ ದೀಪ ಹಚ್ಚಿ ಲಿಂಗಪೂಜೆ ಆಗುವವರೆಗೆ ನೀರನ್ನೂ ಮುಟ್ಟುವುದಿಲ್ಲ. ಭಾನುವಾರ ಸಂಜೆ ಅವ್ವ ಫೋನ್ ಮಾಡಿದಳು.

"ಅಲ್ಲಿ ಏನ್ ವಾರ್ವೋ ಈಗ?"

"ಭಾನುವಾರ ಸಂಜೆ ಅವ್ವ."

"ಇಲ್ಲಿ ಸೋಮವಾರ ಬೆಳಕರೀತಾ ಐತೆ. ಶಿವ ಯಾವ ಸೋಮವಾರನ ಲೆಕ್ಕಕ್ಕೆ ಇಟ್ಕತಾನೋ ಯಾರಿಗೊತ್ತು. ಕೂಸು ಎರಡೂ ಮಾಡ್ಬಿಡ್ಲಿ. ದೊಡ್ಡ ಕೆಲ್ಸಕ್ಕೆ ಹೋಗೈತೆ."

ಶಾಂಭವಿ ಆಗಲಿ ಅಜ್ಜಿ ಎಂದು ಮಾತು ಕೊಟ್ಟಳು. ಹೀಗೆ ನಮ್ಮ ಉಪವಾಸ ಅರಸೀಕೆರೆಯ ಸೋಮವಾರದ ಜೊತೆ ಶುರುವಾಗಿ, ಅಮೆರಿಕದ ಸೋಮವಾರ ಮುಗಿಯುವವರೆಗೆ ಉದ್ದವಾಯಿತು. ರಾತ್ರಿ ಊಟವಿಲ್ಲ, ಬೆಳಿಗ್ಗೆ ತಿಂಡಿಯಿಲ್ಲ, ನೀರಿಲ್ಲ. ಪಂದ್ಯ ಇದ್ದದ್ದು ಮಂಗಳವಾರ, ಆದರೆ ತೂಕ ನೋಡುವುದು ಸೋಮವಾರವೇ. ಅದರ ಯೋಚನೆ ಇಬ್ಬರಿಗೂ ಬರಲಿಲ್ಲ. ಬರುವುದಾದರೂ ಹೇಗೆ? ಶಾಂಭವಿಯ ತೂಕ ಕಡಿಮೆಯಾದೀತು ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೆದರಿದ್ದಿಲ್ಲ.

ಮಧ್ಯಾಹ್ನ ಅವಳು ತಕ್ಕಡಿ ಹತ್ತಿದಳು. ನೋಡುತ್ತಿದ್ದವನು ತಲೆ ಅಲ್ಲಾಡಿಸಿದ. ಹೆವಿವೇಟ್ ವರ್ಗಕ್ಕೆ ಇಂತಿಷ್ಟಕ್ಕಿಂತ ಮೇಲೇ ಇರಬೇಕು. ಶಾಂಭವಿ ಒಂದು ಕಿಲೋಗೂ ಮೀರಿ ಕೆಳಗಿದ್ದಳು. ಕೆಳಗಿನ ವರ್ಗದ ಜೋಡಿಗಳು ಆಗಲೇ ಭರ್ತಿ. ಸಂಜೆ ತಕ್ಕಡಿ ಎತ್ತಿಡುವುದರೊಳಗೆ ತೂಕ ಬಂದರೆ ಸರಿ, ಇಲ್ಲವಾದರೆ ಕೂತು ಪಂದ್ಯ ನೋಡಬಹುದು ಎಂದ.

ಮಂಡಿಯವನು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ತಕ್ಕಡಿಯೇ ಸರಿಯಿಲ್ಲ ಎಂದು ಜಗಳಕ್ಕೆ ನಿಂತೆ. ನಾನೇ ಹತ್ತಿ ನೋಡಿದೆ. ನಾನೂ ಇಳಿದಿದ್ದೆ. ತಕ್ಕಡಿ ಸರಿಯಾಗಿಯೇ ಇತ್ತು.

"ನೀರು ಕುಡಿಯಮ್ಮ. ಏನಾದರೂ ತಿನ್ನು."

"ಆಗಲ್ಲಪ್ಪ. ಅಜ್ಜಿಗೆ ಪ್ರಾಮಿಸ್ ಮಾಡಿದೀನಿ. ಇನ್ನೂ ದೀಪ ಹಚ್ಚೋ ಹೊತ್ತಾಗಿಲ್ಲ."

"ದೀಪ ಹಚ್ಚೋ ಹೊತ್ತಿಗೆ ತಕ್ಕಡಿ ಇರಲ್ಲ ಕಣೇ!"

ಅವಳು ಗೋಡೆಗೊರಗಿ ಕೂತು, ಬಾಯಿ ಬಿಗಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡಳು. ಗೋಣಿಚೀಲಕ್ಕೆ ಗುದ್ದಿ ಗುದ್ದಿ ಕೈಯ ಚರ್ಮ ಸುಲಿದಾಗಲೂ ಅಳದವಳು. ಪೈಲ್ವಾನನ ಊರಿನವರೆಗೆ ಬಂದು ರಿಂಗು ಹತ್ತದೆ ಹೋಗುವುದೆಂದರೆ ಅವಳಿಗೇನು ಎಂದು ನನಗೆ ಗೊತ್ತಿತ್ತು. ಕೊಟ್ಟ ಮಾತೂ ಅವಳಿಗೆ ಅಷ್ಟೇ ಮುಖ್ಯವಾಗಿತ್ತು. ನಾನು ಅವ್ವನಿಗೆ ಫೋನ್ ಮಾಡಿದೆ. ಅರಸೀಕೆರೆಯಲ್ಲಿ ಅದು ಅಪವೇಳೆ. ಆದರೂ ಮೊದಲ ಗಂಟೆಗೇ ಎತ್ತಿದಳು, ಕಾದು ಕೂತಿದ್ದಳೆಂದು ಕಾಣುತ್ತದೆ. ಎಲ್ಲ ಹೇಳಿದೆ.

"ತಿನ್ನಕ್ಕೆ ಏನೈತ್ಲಾ ಅಲ್ಲಿ?"

"ಕೊಬ್ಬರಿ ಐತೆ. ಸಮಾಧಿಗೆ ಇಟ್ಟಿದ್ದನ್ನ ಬಿಡಂಗಿಲ್ಲ ಅಂದ್ರು, ವಾಪಸ್ ತಂದ್ವಿ."

"ಪೈಲ್ವಾನ್ ಗದ್ದಿಗೆಗೆ ಇಟ್ಟು ತಂದಿದ್ದಾ?"

"ಹೂಂ."

"ಥೂ ನಿನ್ನ, ಮೊದ್ಲೇ ಹೇಳಬಾರ್ದೇನ್ಲಾ! ಅದು ಪ್ರಸಾದ ಕಣೋ. ಪ್ರಸಾದನ ಬ್ಯಾಡ ಅನ್ನೋ ಉಪವಾಸ ಯಾವುದೈತೆ? ಕೂಸಿನ ಕೈಗೆ ಫೋನ್ ಕೊಡು."

ಅಜ್ಜಿ ಏನು ಹೇಳಿದಳೋ, ಶಾಂಭವಿ ಕಣ್ಣೊರೆಸಿಕೊಂಡು, "ನೀರು ಅಜ್ಜಿ?" ಎಂದು ಕೇಳಿದ್ದು ಕೇಳಿಸಿತು. ಅವ್ವನ ಉತ್ತರ ಫೋನಿನಿಂದಾಚೆಗೂ ಬಂತು: "ಪ್ರಸಾದ ತಿಂದ್ಮೇಲೆ ನೀರು ಕುಡೀದೆ ಇರಕ್ಕಾಯ್ತದೇನೇ?"

ಕೊಬ್ಬರಿಯನ್ನು ಕಣ್ಣಿಗೊತ್ತಿಕೊಂಡು ಕಚ್ಚಿದಳು. ಅವ್ವ ಜೊತೆಗಿಟ್ಟಿದ್ದ ಬೆಲ್ಲದ ಅಚ್ಚೂ ಹೊರಬಂತು. ಕಟಕಟ ಎಂದು ಅಗಿಯುವ ಸದ್ದಿಗೆ ಬೇರೆ ದೇಶದ ಹುಡುಗಿಯರು ಸುತ್ತ ಸೇರಿದರು. ನಡುನಡುವೆ ನೀರು. ರೂಬಿ ಬಂದು, ಇದು ಅವನಿಗೆ ಇಟ್ಟಿದ್ದಲ್ಲವಾ ಎಂದು ಕೇಳಿದಳು. ಹೌದು, ಈಗ ಅವನು ನಮಗೆ ಕೊಟ್ಟಿದ್ದು ಎಂದೆ. ಒಂದು ಚೂರು ಕೊಡು ಎಂದು ಕೈ ಚಾಚಿ, ಬಾಯಿಗೆ ಹಾಕಿಕೊಂಡು ಅಗಿಯುತ್ತ ನಿಂತಳು.

ತಕ್ಕಡಿಯವನು ಸಾಮಾನು ಕಟ್ಟುತ್ತಿದ್ದ. ಶಾಂಭವಿ ಹತ್ತಿದಳು. ನನ್ನ ಜೀವಮಾನದಲ್ಲಿ ಎಷ್ಟೋ ತೂಕ ನೋಡಿದ್ದೇನೆ, ಯಾವ ತೂಕಕ್ಕೂ ಹಾಗೆ ಉಸಿರು ಹಿಡಿದಿರಲಿಲ್ಲ. ಅವನು ಬಗ್ಗಿ ನೋಡಿ, ಇನ್ನೊಮ್ಮೆ ನೋಡಿ, "ಹೆವಿವೇಟ್" ಎಂದ. ನಾನು ಅವನನ್ನು ಅಪ್ಪಿಕೊಂಡೇಬಿಟ್ಟೆ. ಅವನ ತಕ್ಕಡಿಯನ್ನು ಬೈದದ್ದಕ್ಕೆ ಬೇರೆ ಪರಿಹಾರ ತೋಚಲಿಲ್ಲ.

ಗಂಟೆ

ಮಂಗಳವಾರ ಹಾಲ್ ಕಿಕ್ಕಿರಿದಿತ್ತು. ಖಾಲಿ ಬೀದಿಗಳ ಆ ಊರಿನಲ್ಲಿ ಅಷ್ಟು ಜನ ಎಲ್ಲಿ ಅಡಗಿದ್ದರೋ. ಕೊನೆಯ ಪಂದ್ಯ ಶಾಂಭವಿಯದು. ಎದುರಿನ ಹುಡುಗಿ ಆ ಊರಿನವಳೇ, ನಮ್ಮವಳಿಗಿಂತ ಗೇಣು ಎತ್ತರ. ಮೈಕಿನವನು ನನ್ನ ಮಗಳ ಹೆಸರು ಹೇಳಿ, "ಆರ್ಸಿಕೇರಿ, ಇಂಡಿಯಾ" ಎಂದ. ಹೇಗೆ ಹೇಳಿದರೇನು, ಪೈಲ್ವಾನನ ಹೆಸರು ಕೂಗಿದ ಜಾಗದಲ್ಲಿ ನಮ್ಮೂರ ಹೆಸರು ಕೂಗಿದರು. ನನ್ನ ಎದೆ ಅಂಗಿಗೆ ಚಿಕ್ಕದಾಯಿತು.

ಆಟ ಶುರುವಾಗುವ ಮೊದಲು ಎಲ್ಲರೂ ಎದ್ದು ನಿಂತರು. ತೀರಿಕೊಂಡ ಬಾಕ್ಸರಿಗೆ ಹತ್ತು ಸಲ ಗಂಟೆ ಹೊಡೆಯುವುದು ಅವರ ಸಂಪ್ರದಾಯ. ಬಿದ್ದವನಿಗೆ ಹತ್ತು ಎಣಿಸುವಂತೆ, ಹೋದವನಿಗೂ ಹತ್ತು. ರೂಬಿ ಹಿತ್ತಾಳೆಯ ಗಂಟೆಯನ್ನು ನಿಧಾನವಾಗಿ ಹೊಡೆದಳು. ಇಡೀ ಹಾಲ್ ತಲೆ ತಗ್ಗಿಸಿತ್ತು. ನಾನು ಆಗಲೇ ಬೂಟು ಬಿಚ್ಚಿ, ಕೈ ಮುಗಿದು, ಕಣ್ಣು ಮುಚ್ಚಿದ್ದೆ. ಹತ್ತನೆಯ ಗಂಟೆ ನಿಂತಿತು. ಗಂಟೆ ನಿಂತ ಮೇಲೆ ನಮ್ಮಲ್ಲಿ ಏನು ಹೇಳುತ್ತೇವೋ ಅದು ನನಗೆ ಗೊತ್ತಿಲ್ಲದೆಯೇ ಬಾಯಿಂದ ಹೊರಟಿತು.

"ನಮಃ ಪಾರ್ವತೀ ಪತಯೇ!"

ಸೂಜಿ ಬಿದ್ದರೆ ಕೇಳುವ ನಿಶ್ಶಬ್ದದಲ್ಲಿ ನನ್ನ ಮಂಡಿಯ ಗಂಟಲು ಗೋಡೆ ಗೋಡೆಗೆ ಬಡಿಯಿತು. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಗ ರಿಂಗಿನ ಮೂಲೆಯಿಂದ, ಎರಡೂ ಗವಸು ಮೇಲೆತ್ತಿ, ಶಾಂಭವಿ ಗಟ್ಟಿಯಾಗಿ ಕೂಗಿದಳು.

"ಹರ ಹರ ಮಹಾದೇವ!"

ರೂಬಿ ಚಪ್ಪಾಳೆ ಶುರುಮಾಡಿದಳು, ಹಾಲ್ ಪೂರ್ತಿ ಸೇರಿಕೊಂಡಿತು.

ಮೊದಲ ಸುತ್ತು ನಮ್ಮದು. ಎರಡನೆಯದರಲ್ಲಿ ಆ ಹುಡುಗಿಯ ಬಲಗೈ ಶಾಂಭವಿಯ ದವಡೆಗೆ ಬಿತ್ತು. ನನ್ನ ಮಗಳ ಒಂದು ಮೊಣಕಾಲು ನೆಲಕ್ಕೂರಿತು. ರೆಫರಿ ಬೆರಳು ಬಿಚ್ಚಿ ಎಣಿಸತೊಡಗಿದ. ಶಾಂಭವಿ ತಲೆ ಎತ್ತಿ ನೋಡಿದಳು. ನಾನು ಹುಟ್ಟಿದಾಗಿನಿಂದ ನೋಡಿದ ಚಿತ್ರ ಅದು. ಬೆಂಕಿ ಕಂಡ ಗೋಡೆಯ ಮೇಲಿದ್ದದ್ದು ಈಗ ಎದುರಿಗಿತ್ತು. ಪೈಲ್ವಾನ್ ಎದ್ದಿದ್ದು ಎಣಿಕೆ ಮುಗಿದ ಮೇಲೆ ಎಂಬುದು ಆ ಹಾಲ್‌ನಲ್ಲಿ ನನಗೆ ಗೊತ್ತಿತ್ತು, ರೂಬಿಗೆ ಗೊತ್ತಿತ್ತು.

"ಏಳೇ ಶಾಂಭವಿ!" ಎಂದು ಕೂಗಿದೆ. "ಎಣಿಸಿ ಮುಗ್ಸೋದ್ರೊಳಗೆ ಏಳೇ ನನ್ನವ್ವ!"

ಎಂಟಕ್ಕೆ ಎದ್ದಳು. ಎದ್ದು, ಗವಸುಗಳನ್ನು ಒಂದಕ್ಕೊಂದು ತಟ್ಟಿ, ಮುಂದಕ್ಕೆ ಹೋದಳು. ಕೊನೆಯ ಸುತ್ತಿನಲ್ಲಿ ಹಿಂದೆ ಹಿಂದೆ ಸರಿದವಳು ಆ ಎತ್ತರದ ಹುಡುಗಿ. ಆದರೂ ತೀರ್ಪುಗಾರರ ಅಂಕ ಅವಳ ಕಡೆಗಾಯಿತು. ನಾನು ಇಲ್ಲಿ ಸುಳ್ಳು ಬರೆಯುವುದಿಲ್ಲ, ನಾವು ಸೋತೆವು. ಗೆದ್ದವಳೇ ಬಂದು ಶಾಂಭವಿಯ ಕೈ ಹಿಡಿದು ಮೇಲೆತ್ತಿದಳು. ನಾನು ಗೆದ್ದವರ ಅಪ್ಪನಂತೆಯೇ ಎದ್ದು ನಿಂತು ಕುಣಿದೆ.

ಅವ್ವ ಫೋನಿನಲ್ಲಿ ಎರಡೇ ಮಾತು ಕೇಳಿದಳು.

"ಬಿದ್ದಳಾ?"

"ಒಂದ್ಸಲ."

"ಎದ್ದಳಾ?"

"ಎದ್ದಳು ಕಣವ್ವ."

"ಸರಿ ಇಡು. ಕೂಸಿಗೆ ಹೊಟ್ಟೆ ತುಂಬ ಊಟ ಮಾಡ್ಸು."

ಮರುದಿನ ಹೊರಡುವಾಗ ರೂಬಿ ಒಂದು ಫೋಟೋ ಕೈಗಿತ್ತಳು. ಶಾಂಭವಿ, ಮೊಣಕಾಲೂರಿ, ತಲೆ ಎತ್ತಿದ್ದು. ಹಾಲ್‌ನ ಗೋಡೆಯನ್ನೂ ತೋರಿಸಿದಳು. ಗೆದ್ದ ಫೋಟೋಗಳ ನಡುವೆ ನಮ್ಮ ಪೈಲ್ವಾನ್ ಇದ್ದ, ಮಂಡಿಯಲ್ಲಿರುವ ಅದೇ ಚಿತ್ರ, ಬೀರುವಿನಿಂದ ತೆಗೆದು ಧೂಳು ಒರೆಸಿ ಹಾಕಿದ್ದಳು.

ಮತ್ತೆ ಅರಸೀಕೆರೆ

ಸ್ಟೇಷನ್ನಿನಲ್ಲಿ ಮೇಷ್ಟ್ರು ಉಳುಕಿದ ಕಾಲಲ್ಲೇ ಕುಂಟುತ್ತ ಹಾರ ಹಿಡಿದು ನಿಂತಿದ್ದರು. ಬೇಲೂರಿನ ನನ್ನ ತಂಗಿಯೂ ಬಂದಿದ್ದಳು. ಶಾಂಭವಿಯ ಕೆನ್ನೆ ಸವರಿ, "ಏನೇ ಇಷ್ಟು ಇಳಿದುಹೋಗಿದ್ದೀಯ, ಚೆನ್ನಾಗಿ ತಿನ್ನೇ" ಎಂದಳು. ಆ ಒಂದು ಮಾತಿಗೇ ಇಡೀ ಪ್ರಯಾಣ ಸಾರ್ಥಕವಾಯಿತು.

ಮಂಡಿಯಲ್ಲಿ ಅವ್ವ ಗಾದಿಯ ಮೇಲೆ ಕೂತಿದ್ದಳು. ಹೇಳಬಾರದು ಎಂದುಕೊಂಡಿದ್ದು ನನ್ನ ಬಾಯಲ್ಲಿ ನಿಲ್ಲಲಿಲ್ಲ. "ಅವ್ವ, ಆ ಪಟದಲ್ಲಿ ಪೈಲ್ವಾನ್ ಗೆದ್ದಿರಲಿಲ್ಲವಂತೆ. ಎಣಿಸಿ ಮುಗಿದ ಮೇಲೆ ಎದ್ದನಂತೆ."

"ಗೊತ್ತು," ಎಂದಳು ಅವ್ವ. "ನಿಮ್ಮಪ್ಪ ಆವತ್ತೇ ಯಾರತ್ರಾನೋ ಓದಿಸ್ಕಂಡು ಬಂದಿದ್ರು. ಕೆಳಗಿನ ಬರವಣಿಗೆ ಕತ್ರೀಲಿ ಕತ್ತರಿಸಿದ್ದು ನಾನೇ ಕಣೋ. ಎಲ್ಲಾ ಸುಟ್ಟೋಗಿತ್ತಲ್ಲ, ಗೆದ್ದೋನ ಪಟ ಇಟ್ಕಂಡು ನಾವೇನ್ ಮಾಡ್ಬೇಕಿತ್ತು? ಎಣಿಸಿ ಮುಗಿದ್ರೂ ಎದ್ದನಲ್ಲ, ನಮಗೆ ಅದು ಬೇಕಾಗಿತ್ತು."

ಶಾಂಭವಿ ಅಜ್ಜಿಯನ್ನು ನೋಡಿದಳು, ಪಟವನ್ನು ನೋಡಿದಳು. ಆಮೇಲೆ ಚೀಲದಿಂದ ತನ್ನ ಫೋಟೋ ತೆಗೆದು, ಎಲ್ಲಿ ಹಾಕಲಿ ಎಂಬಂತೆ ಗೋಡೆಯ ಕಡೆ ತಿರುಗಿದಳು. ಪೈಲ್ವಾನನ ಪಕ್ಕದಲ್ಲಿ ಒಂದು ಮೊಳೆ ಆಗಲೇ ಇತ್ತು.

"ಇದ್ಯಾವಾಗ ಹೊಡಿಸ್ದೆ ಅವ್ವ?" ಎಂದೆ.

"ನೀವು ರೈಲು ಹತ್ತಿದ ದಿನ," ಎಂದಳು ಅವ್ವ.